ಕಾರಿಗೆ ಸಗಣಿ, ಮೈಗೆ ತೆಂಗಿನೆಣ್ಣೆ, ಸೂರಿಗೆ ಸೋಗೆ: ಬಿಸಿಲಿಗೆ ‘ನೈಸರ್ಗಿಕ’ ರಕ್ಷೆ ಎಷ್ಟು ನಿಜ?

ಮಾರ್ಚ್ ತಿಂಗಳು ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಹೋದ ವರ್ಷದ್ದೇ ಸಂದೇಶಗಳು ಮತ್ತೆ ಓಡಾಡಲು ಶುರುವಾಗುತ್ತವೆ. ಸನ್‌ಸ್ಕ್ರೀನ್ ಎಂಬ ಕೆಮಿಕಲ್ ಯಾಕೆ, ತೆಂಗಿನೆಣ್ಣೆ ಹಚ್ಚಿಕೊಂಡರೆ ಸಾಕು. ಕ್ಯಾರೆಟ್ ಬೀಜದ ಎಣ್ಣೆಗೆ ಎಸ್‌ಪಿಎಫ್ 40 ಇದೆಯಂತೆ. ಕಾರಿನ ಮೇಲೆ ಸಗಣಿ ಬಳಿದರೆ ಎ.ಸಿ. ಹಾಕುವುದೇ ಬೇಡ. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿದರೆ ಮನೆಯೇ ಊಟಿ. ಈಚೆಗೆ ಇವುಗಳ ಜೊತೆ ಇನ್ನೊಂದು ಸೇರಿಕೊಂಡಿದೆ: ಕರೆಂಟೇ ಇಲ್ಲದೆ ತಂಪು ಕೊಡುವ ಮರ, ಬಿಸಿಲಲ್ಲೂ ಸುತ್ತಲ ಗಾಳಿಗಿಂತ ತಣ್ಣಗಿರುವ ರೇಷ್ಮೆ ಕಂಡುಹಿಡಿದಿದ್ದಾರೆ, ಇದೆಲ್ಲ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು ಎಂಬ ಸಂದೇಶ.

ಇವುಗಳಲ್ಲಿ ಕೆಲವು ಶುದ್ಧ ಸುಳ್ಳು. ಕೆಲವು ಅರ್ಧ ನಿಜ. ಒಂದೆರಡಂತೂ ಫಾರ್ವರ್ಡ್ ಮಾಡಿದವರು ಅಂದುಕೊಂಡಿದ್ದಕ್ಕಿಂತ ಹೆಚ್ಚು ನಿಜ. ಆದರೆ ಎಲ್ಲವನ್ನೂ ‘ನೈಸರ್ಗಿಕ’ ಎಂಬ ಒಂದೇ ಚೀಲಕ್ಕೆ ತುಂಬಿದಾಗ ಯಾವುದು ಯಾವುದೆಂದು ತಿಳಿಯುವುದಿಲ್ಲ. ಎಣ್ಣೆಯನ್ನೇ ನಂಬಿ ಮಧ್ಯಾಹ್ನ ಎರಡು ಗಂಟೆ ಬೈಕ್ ಓಡಿಸಿದವರ ಚರ್ಮ ಅದರ ಬೆಲೆ ತೆರುತ್ತದೆ. ತಗಡಿನ ಶೀಟಿನ ಮನೆಯಲ್ಲಿ ಹಸುಗೂಸು ಮಲಗಿಸಿದ ತಾಯಿಗಂತೂ ಸರಿ ಉಪಾಯ ಯಾವುದು ಎಂಬುದು ಕುತೂಹಲದ ಪ್ರಶ್ನೆಯೇ ಅಲ್ಲ. ಹಾಗಾಗಿ ಇವುಗಳ ಹಿಂದಿನ ವಿಜ್ಞಾನವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಬಿಸಿಲು ಒಂದೇ, ಕೆಲಸ ಎರಡು

ನಮ್ಮ ಮೇಲೆ ಬೀಳುವ ಬಿಸಿಲಿನಲ್ಲಿ ಮೂರು ಪಾಲು. ಕಣ್ಣಿಗೆ ಕಾಣುವ ಬೆಳಕು ಅರ್ಧಕ್ಕಿಂತ ತುಸು ಕಡಿಮೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದ್ದು ಸುಮಾರು ಅರ್ಧ. ಉಳಿದ ಶೇಕಡಾ 5ರಷ್ಟು ಅತಿನೇರಳೆ ಕಿರಣ, ಅಂದರೆ ಎಲ್ಲರೂ ಯುವಿ ಎನ್ನುವುದು.

ಮೈಗೆ, ಸೂರಿಗೆ, ಕಾರಿಗೆ ಬಿಸಿ ಏರಿಸುವುದು ಬಹುಪಾಲು ಮೊದಲ ಎರಡು. ಯುವಿಯಿಂದ ಬರುವ ಬಿಸಿ ಅತ್ಯಲ್ಪ. ಆದರೆ ಚರ್ಮದ ಜೀವಕೋಶದೊಳಗಿನ ಡಿಎನ್‌ಎಗೆ ಪೆಟ್ಟು ಕೊಡುವುದು, ಚರ್ಮ ಸುಡುವುದು, ಮುಖದ ಮೇಲಿನ ಬಂಗನ್ನು ಗಾಢ ಮಾಡುವುದು, ಕಣ್ಣಿನ ಪೊರೆಗೆ ದಾರಿ ಮಾಡುವುದು ಈ ಸಣ್ಣ ಪಾಲೇ. ಯುವಿ ಬೀಳುತ್ತಿದೆ ಎಂದು ಚರ್ಮಕ್ಕೆ ಗೊತ್ತಾಗುವುದೂ ಇಲ್ಲ. ಮುಳ್ಳಯ್ಯನಗಿರಿಯ ತುದಿಯಲ್ಲಿ ತಂಗಾಳಿ ಬೀಸುತ್ತಿದ್ದರೂ ಯುವಿ ಮಂಗಳೂರಿನ ಕಡಲ ತೀರಕ್ಕಿಂತ ಹೆಚ್ಚೇ ಇರುತ್ತದೆ, ಏಕೆಂದರೆ ಪ್ರತಿ 1,000 ಮೀಟರ್ ಎತ್ತರಕ್ಕೆ ಯುವಿ ಸುಮಾರು ಶೇ 10ರಷ್ಟು ಏರುತ್ತದೆ. ‘ಹಚ್ಚಿಕೊಂಡೆ, ತಂಪಾಯಿತು, ಆದ್ದರಿಂದ ರಕ್ಷಣೆ ಸಿಕ್ಕಿತು’ ಎಂಬ ಲೆಕ್ಕ ಇಲ್ಲಿಯೇ ತಪ್ಪುತ್ತದೆ. ಲೋಳೆಸರ ಚರ್ಮಕ್ಕೆ ತಂಪೆನಿಸುತ್ತದೆ, ನಿಜ. ಅಷ್ಟಕ್ಕೇ ಅದು ಯುವಿಯನ್ನು ತಡೆದಂತಲ್ಲ.

ಹೀಗಾಗಿ ಯುವಿ ತಡೆಯುವುದು ಒಂದು ಕೆಲಸ, ಬಿಸಿ ಏರದಂತೆ ನೋಡಿಕೊಳ್ಳುವುದು ಇನ್ನೊಂದು. ಒಂದು ವಸ್ತು ಇವೆರಡನ್ನೂ ಒಟ್ಟಿಗೆ ಮಾಡಬೇಕೆಂದೇನಿಲ್ಲ. ಎಷ್ಟೋ ಸಲ ಒಂದು ಕೆಲಸಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಅಡ್ಡಗಾಲು ಹಾಕುತ್ತದೆ. ಕಪ್ಪು ಕೊಡೆಯನ್ನೇ ನೋಡಿ. ಒಳ್ಳೆಯ ಕಪ್ಪು ಕೊಡೆ ನೇರವಾಗಿ ಬೀಳುವ ಯುವಿಯಲ್ಲಿ ಶೇ 90ಕ್ಕಿಂತ ಹೆಚ್ಚನ್ನು ತಡೆಯುತ್ತದೆ, ಆದರೆ ಅದರ ಬಟ್ಟೆ ಮುಟ್ಟಿದರೆ ಕಾದಿರುತ್ತದೆ. ತೆಳು ಬಿಳಿ ಬಟ್ಟೆ ಕಾಯುವುದಿಲ್ಲ, ಆದರೆ ಅದರ ಮೂಲಕ ಯುವಿ ಸಲೀಸಾಗಿ ನುಸುಳುತ್ತದೆ.

ಹಳೇ ಪೇಪರ್ ಹಳದಿಯಾಗುವುದೇಕೆ?

ಬಿಸಿಲು ಬೀಳುವ ಕಿಟಕಿಯ ಬಳಿ ದಿನಪತ್ರಿಕೆ ಇಟ್ಟರೆ ಕೆಲವೇ ದಿನಗಳಲ್ಲಿ ಹಳದಿಯಾಗುತ್ತದೆ. ಪಕ್ಕದಲ್ಲೇ ಇಟ್ಟ ಜೆರಾಕ್ಸ್ ಹಾಳೆ ಅಷ್ಟು ಬೇಗ ಬಣ್ಣ ಕೆಡುವುದಿಲ್ಲ. ಎರಡೂ ಮರದಿಂದ ಬಂದದ್ದೇ. ವ್ಯತ್ಯಾಸ ಲಿಗ್ನಿನ್ ಎಂಬ ಪದಾರ್ಥದ್ದು.

ಮರದಲ್ಲಿ ಸೆಲ್ಯುಲೋಸ್ ಎಂಬ ಬಿಳಿ ನಾರು ಇರುತ್ತದೆ. ಆ ನಾರುಗಳನ್ನು ಒಂದಕ್ಕೊಂದು ಬೆಸೆಯುವ ಕಂದು ಅಂಟು ಲಿಗ್ನಿನ್. ಅದಕ್ಕೆ ಯುವಿಯನ್ನು ಹೀರುವ ಗುಣವಿದೆ. ಬಿಸಿಲಿಗೆ ಬಿದ್ದಾಗ ಯುವಿಯನ್ನು ತಾನೇ ಹೀರಿ, ತಾನು ಮುರಿದು, ಹಳದಿಯಾಗುತ್ತದೆ. ಅಗ್ಗದ ಸುದ್ದಿ ಕಾಗದದಲ್ಲಿ ಲಿಗ್ನಿನ್ ಉಳಿದಿರುತ್ತದೆ, ಒಳ್ಳೆಯ ಬಿಳಿ ಹಾಳೆಯಲ್ಲಿ ಅದನ್ನು ತೆಗೆದಿರುತ್ತಾರೆ. ಹಳೆಯ ಮರದ ಬಾಗಿಲು, ಎತ್ತಿನ ಗಾಡಿಯ ನೊಗ ವರ್ಷಗಟ್ಟಲೆ ಬಿಸಿಲು ಮಳೆಗೆ ನಿಂತು ಬೂದು ಬಣ್ಣಕ್ಕೆ ತಿರುಗುವುದೂ ಇದೇ ಕಾರಣಕ್ಕೆ: ಯುವಿ ಲಿಗ್ನಿನ್ನನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆದೊಯ್ಯುತ್ತದೆ, ಮೇಲ್ಮೈಯಲ್ಲಿ ಬರೀ ನಾರು ಉಳಿಯುತ್ತದೆ.

ಅಂದಮೇಲೆ ಲಿಗ್ನಿನ್ ಮರದ ಸ್ವಂತ ಸನ್‌ಸ್ಕ್ರೀನ್ ಎನ್ನಬಹುದು. ನಮ್ಮ ಚರ್ಮದ ಮೆಲನಿನ್ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ಸಾಮಾನ್ಯ ಕ್ರೀಮಿಗೆ ಲಿಗ್ನಿನ್ ಬೆರೆಸಿದರೆ ಅದರ ಯುವಿ ತಡೆಯುವ ಶಕ್ತಿ ಏರುತ್ತದೆ ಎಂದು ಚೀನಾದ ಸಂಶೋಧಕರೂ ಸೇರಿದಂತೆ ಹಲವರು ಪ್ರಯೋಗದಲ್ಲಿ ತೋರಿಸಿದ್ದಾರೆ. ಕಾಗದ ಕಾರ್ಖಾನೆಗಳಲ್ಲಿ ಈ ಲಿಗ್ನಿನ್ ಕಪ್ಪು ದ್ರವವಾಗಿ ಹೊರಬರುತ್ತದೆ, ಬಹುಪಾಲನ್ನು ಬಾಯ್ಲರ್‌ಗೆ ಇಂಧನವಾಗಿ ಸುಡುತ್ತಾರೆ. ಅಂಥದ್ದರಿಂದ ಬೆಲೆಬಾಳುವ ಕ್ರೀಮು ಮಾಡಬಹುದಲ್ಲ ಎಂಬ ಆಸೆ ಸಹಜ. ತೊಡಕು ಬಣ್ಣದ್ದು. ಕಂದು ಕ್ರೀಮನ್ನು ಮುಖಕ್ಕೆ ಹಚ್ಚಿಕೊಂಡು ಆಫೀಸಿಗೆ ಹೋಗಲು ಎಷ್ಟು ಜನ ಒಪ್ಪುತ್ತಾರೆ?

ಈಗ ಇದೇ ಮರವನ್ನು ಎರಡನೇ ಕೆಲಸಕ್ಕೆ, ಅಂದರೆ ತಂಪಿಗೆ, ಬಳಸಲು ಹೊರಟವರು ಏನು ಮಾಡಿದರು ನೋಡಿ. 2019ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾಂಗ್‌ಬಿಂಗ್ ಹು, ಟಿಯಾನ್ ಲಿ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಹೊಸ ಮರದ ವಿವರ ಪ್ರಕಟಿಸಿದರು. ಹಲಗೆಯನ್ನು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಬೇಯಿಸಿ ಲಿಗ್ನಿನ್ ತೆಗೆದು, ಉಳಿದ ನಾರನ್ನು ಬಿಸಿ ಮಾಡಿ ಒತ್ತಿದರು. ಸಿಕ್ಕಿದ್ದು ಅಚ್ಚ ಬಿಳಿಯ, ಮೂಲ ಮರಕ್ಕಿಂತ ಎಷ್ಟೋ ಪಟ್ಟು ಗಟ್ಟಿಯಾದ ಹಲಗೆ. ಅದನ್ನು ಬಯಲಲ್ಲಿಟ್ಟಾಗ ಹಗಲಲ್ಲಿ ಸುತ್ತಲ ಗಾಳಿಗಿಂತ ಸರಾಸರಿ 4 ಡಿಗ್ರಿಗೂ, ರಾತ್ರಿ 9 ಡಿಗ್ರಿಗೂ ಹೆಚ್ಚು ತಣ್ಣಗಿತ್ತು.

ಫಾರ್ವರ್ಡ್‌ಗಳಲ್ಲಿ ಓಡಾಡುವ ‘ತಂಪು ಮರ’ ಇದೇ. ಸುದ್ದಿ ಸುಳ್ಳಲ್ಲ. ಆದರೆ ತಂಪು ಸಿಗಲು ಅವರು ತೆಗೆದುಹಾಕಿದ್ದು ಯಾವುದನ್ನು? ಮರದ ಸ್ವಂತ ಯುವಿ ಕವಚವನ್ನೇ. ದಪ್ಪ ಹಲಗೆಯಾದರೆ ಬಿಳಿ ನಾರು ಯುವಿಯನ್ನೂ ಚದುರಿಸಿ ಹಿಂದಕ್ಕೆ ಕಳಿಸುತ್ತದೆ, ಅಡ್ಡಿಯಿಲ್ಲ. ಅದೇ ಸೆಲ್ಯುಲೋಸ್ ತೆಳು ಬಟ್ಟೆಯಾಗಿದ್ದರೆ? ಬಿಳುಚಿಸಿದ ಹತ್ತಿ ಬಟ್ಟೆ ಎಂದರೆ ಹೆಚ್ಚುಕಡಿಮೆ ಶುದ್ಧ ಸೆಲ್ಯುಲೋಸ್. ತೆಳುವಾದ ಬಿಳಿ ಹತ್ತಿ ಟೀ ಶರ್ಟಿನ ಯುಪಿಎಫ್, ಅಂದರೆ ಬಟ್ಟೆಯ ಯುವಿ ತಡೆಯುವ ಅಂಕ, 5ರಿಂದ 7ರಷ್ಟು ಮಾತ್ರ. ಬಿದ್ದ ಯುವಿಯಲ್ಲಿ ಐದನೇ ಅಥವಾ ಏಳನೇ ಒಂದು ಪಾಲು ಒಳಗೆ ಬರುತ್ತದೆ ಎಂದರ್ಥ. ಬೆವರಿನಲ್ಲಿ ನೆನೆದರೆ ಇನ್ನೂ ಇಳಿಯುತ್ತದೆ.

ನೆನೆದರೆ ಯಾಕೆ ಇಳಿಯಬೇಕು? ಒದ್ದೆಯಾದ ಬಿಳಿ ಪಂಚೆ ಮೈಗಂಟಿ ಪಾರದರ್ಶಕವಾಗುವುದನ್ನು ನೋಡಿದ್ದೀರಿ. ಹತ್ತಿಯ ನಾರಿಗೆ ಸ್ವಂತ ಬಿಳಿ ಬಣ್ಣವಿಲ್ಲ. ನಾರಿಗೂ ನಡುವಿನ ಗಾಳಿಗೂ ಇರುವ ವ್ಯತ್ಯಾಸದಿಂದ ಬೆಳಕು ಚದುರಿ ಬಿಳಿಯಾಗಿ ಕಾಣುತ್ತದೆ. ಗಾಳಿಯ ಜಾಗಕ್ಕೆ ನೀರು ಹೊಕ್ಕರೆ ಬೆಳಕು ನೇರ ಒಳಗೆ. ಕಲ್ಲುಸಕ್ಕರೆ ಗಾಜಿನಂತಿದ್ದರೂ ಅದರ ಪುಡಿ ಬೆಳ್ಳಗಿರುವುದೂ ಹೀಗೆಯೇ.

ಇದು ಚಿಕ್ಕ ವಿಷಯವಲ್ಲ. ಜೀವಿಗಳ ಬಿಸಿಲು ರಕ್ಷಣೆಯ ಅರ್ಧ ಗುಟ್ಟು ‘ಯಾವ ವಸ್ತು’ ಎಂಬುದರಲ್ಲಿಲ್ಲ, ‘ಹೇಗೆ ಕಟ್ಟಿದೆ’ ಎಂಬುದರಲ್ಲಿದೆ. ಸಹಾರಾ ಮರುಭೂಮಿಯ ಬೆಳ್ಳಿ ಇರುವೆ ಉಳಿದ ಪ್ರಾಣಿಗಳು ಬಿಲ ಸೇರುವ ಮಧ್ಯಾಹ್ನದಲ್ಲಿ ಹೊರಬಂದು ಆಹಾರ ಹುಡುಕುತ್ತದೆ. ಅದರ ಮೈಮೇಲಿನ ಕೂದಲು ಅಡ್ಡಕೊಯ್ದು ನೋಡಿದರೆ ಮುಕ್ಕೋನ. ಆ ಆಕಾರದಿಂದಲೇ ಕೂದಲು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಮೈ ಬಿಸಿಯನ್ನು ಹೊರಗೆ ಬಿಡುತ್ತದೆ. ಕೂದಲಿನಿಂದ ಇರುವೆಯ ಮೈ ಬಿಸಿ 5ರಿಂದ 10 ಡಿಗ್ರಿ ಇಳಿಯುತ್ತದೆ ಎಂದು 2015ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ತೋರಿಸಿದರು. ಆ ಕೂದಲನ್ನು ಅರೆದು ಲೇಪ ಮಾಡಿದರೆ ಆಕಾರವೂ ಹೋಯಿತು, ಗುಣವೂ ಹೋಯಿತು. ‘ಅದರಲ್ಲಿದೆ, ಆದ್ದರಿಂದ ಅರೆದು ಹಚ್ಚಿ’ ಎನ್ನುವ ಸಂದೇಶ ಬಂದಾಗ ಇದನ್ನು ನೆನಪಿಸಿಕೊಳ್ಳಿ.

ಹುಲ್ಲಿನ ಮೇಲೆ ಮಂಜುಗಡ್ಡೆ

ಬಿಸಿಲಲ್ಲಿಟ್ಟ ಮರ ಸುತ್ತಲ ಗಾಳಿಗಿಂತ ತಣ್ಣಗಾಗುವುದೆಂದರೇನು? ನೆರಳಿನಷ್ಟು ತಣ್ಣಗೆ ಎಂದರೆ ಒಪ್ಪಬಹುದು. ನೆರಳಿಗಿಂತಲೂ ತಣ್ಣಗೆ ಎಂದರೆ ಬಿಸಿ ಎಲ್ಲಿಗೆ ಹೋಯಿತು? ಆಕಾಶಕ್ಕೆ.

ಇದಕ್ಕೆ ಭಾರತದಲ್ಲೇ ಹಳೆಯ ಉದಾಹರಣೆಯಿದೆ. 1775ರಲ್ಲಿ ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿ ಅಲಹಾಬಾದ್ ಮತ್ತು ಕಲ್ಕತ್ತಾ ಕಡೆ ಮಂಜುಗಡ್ಡೆ ಮಾಡುವ ವಿಧಾನವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿದ. ಬಯಲಿನಲ್ಲಿ ಸುಮಾರು ಎರಡು ಅಡಿ ಆಳದ ಅಗಲ ಗುಂಡಿ ತೋಡಿ, ಒಣಗಿದ ಕಬ್ಬಿನ ಜಲ್ಲೆ ಅಥವಾ ಜೋಳದ ದಂಟನ್ನು ದಪ್ಪಗೆ ಹಾಸುತ್ತಿದ್ದರು. ಅದರ ಮೇಲೆ ಚಿಕ್ಕ ಮಣ್ಣಿನ ಬಟ್ಟಲುಗಳಲ್ಲಿ ನೀರು. ಚಳಿಗಾಲದ ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ, ಗಾಳಿ ಸೊನ್ನೆ ಡಿಗ್ರಿಗೆ ಇಳಿಯದಿದ್ದರೂ, ಬೆಳಗಿನ ಹೊತ್ತಿಗೆ ಬಟ್ಟಲಲ್ಲಿ ಮಂಜುಗಡ್ಡೆ. ಕೆಳಗಿನ ಒಣ ದಂಟು ನೆಲದ ಬಿಸಿ ಮೇಲೆ ಬರದಂತೆ ತಡೆಯುತ್ತಿತ್ತು, ನೀರು ತನ್ನ ಬಿಸಿಯನ್ನು ಅವಕೆಂಪು ಕಿರಣವಾಗಿ ಬಾನಿಗೆ ಕಳೆದುಕೊಳ್ಳುತ್ತಿತ್ತು.

ಪ್ರತಿ ವಸ್ತುವೂ ಹೀಗೆ ಬಿಸಿಯನ್ನು ಕಿರಣವಾಗಿ ಬಿಡುತ್ತಲೇ ಇರುತ್ತದೆ. ಬಹುಪಾಲನ್ನು ವಾತಾವರಣ ಹೀರಿಕೊಂಡು ಮತ್ತೆ ನಮ್ಮತ್ತ ಕಳಿಸುತ್ತದೆ. ಆದರೆ 8ರಿಂದ 13 ಮೈಕ್ರೋಮೀಟರ್ ಅಲೆಯುದ್ದದ ಕಿರಣಗಳಿಗೆ ಒಣ ಆಕಾಶ ತೆರೆದ ಕಿಟಕಿಯಿದ್ದಂತೆ. ಅವು ನೇರ ಬಾಹ್ಯಾಕಾಶಕ್ಕೆ ಹೋಗಿಬಿಡುತ್ತವೆ. ಸೆಲ್ಯುಲೋಸ್‌ನ ಅಣುಗಳು ಇದೇ ಅಲೆಯುದ್ದಗಳಲ್ಲಿ ಚೆನ್ನಾಗಿ ಬಿಸಿ ಬಿಡುತ್ತವೆ. ಗಿಡಮರಗಳ ನಾರು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುವುದು ಇದರಿಂದ.

ರಾತ್ರಿ ಇದು ಸುಲಭ. ಹಗಲಿನ ಲೆಕ್ಕ ಬಿಗಿ. ನಡುಮಧ್ಯಾಹ್ನ ಒಂದು ಚದರ ಮೀಟರಿನ ಮೇಲೆ ಸುಮಾರು 1,000 ವಾಟ್ ಬಿಸಿಲು ಬೀಳುತ್ತದೆ. ಆಕಾಶದ ಕಿಟಕಿಯಿಂದ ಹೊರಹೋಗಬಲ್ಲ ಬಿಸಿ ಹೆಚ್ಚೆಂದರೆ 100 ವಾಟ್ ಆಸುಪಾಸು. ಅಂದರೆ ಬಿಸಿಲಿನಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಹೀರಿದರೆ ಆ ವಸ್ತು ಗಾಳಿಗಿಂತ ತಣ್ಣಗಾಗುವ ಮಾತೇ ಇಲ್ಲ. ಹಗಲಲ್ಲಿ ಇದನ್ನು ಮೊದಲು ಸಾಧಿಸಿ ತೋರಿಸಿದ್ದು 2014ರಲ್ಲಿ, ಸ್ಟ್ಯಾನ್‌ಫರ್ಡ್‌ನ ಆಶ್ವತ್ ರಾಮನ್, ಶಾನ್‌ಹುಯಿ ಫಾನ್ ಮತ್ತು ಸಂಗಡಿಗರು, ಅದೂ ಏಳು ಅತಿ ತೆಳು ಪದರಗಳ ಕನ್ನಡಿಯಂಥ ಫಲಕದಿಂದ. ಬಿಳಿ ಮರ ಬಂದದ್ದು ಆ ದಾರಿಯಲ್ಲೇ.

ರೇಷ್ಮೆಯ ಸುದ್ದಿಯೂ ಇದೇ ಸಾಲಿನದು. 2021ರಲ್ಲಿ ಚೀನಾದ ನಾನ್‌ಜಿಂಗ್ ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರು ಬಿಸಿಲಲ್ಲಿ ಗಾಳಿಗಿಂತ ಸುಮಾರು 3.5 ಡಿಗ್ರಿ ತಣ್ಣಗಿರುವ ರೇಷ್ಮೆ ಬಟ್ಟೆ ತೋರಿಸಿದರು. ರಾಮನಗರದ ಗೂಡು ಮಾರುಕಟ್ಟೆಯ ನಾಡಿನವರಾದ ನಮಗೆ ಖುಷಿಯ ಸುದ್ದಿಯೇ. ಆದರೆ ಅದು ಬರೀ ರೇಷ್ಮೆಯಲ್ಲ. ರೇಷ್ಮೆಯ ಪ್ರೋಟೀನ್ ಯುವಿಯನ್ನು ಹೀರುತ್ತದೆ. ಬಿಸಿಲಲ್ಲಿ ಒಣಹಾಕಿದ ಬಿಳಿ ರೇಷ್ಮೆ ಸೀರೆ ಹಳದಿಗೆ ತಿರುಗಿ, ಮಡಿಕೆಯಲ್ಲಿ ಪಿಸಿಯುವುದು ಇದರಿಂದಲೇ. ಹೀರಿದ ಯುವಿ ಬಿಸಿಯಾಗುತ್ತದಲ್ಲ, ಅದನ್ನು ತಪ್ಪಿಸಲು ಅವರು ನೂಲಿಗೆ ಅಲ್ಯುಮಿನಿಯಂ ಆಕ್ಸೈಡ್‌ನ ಅತಿ ಸೂಕ್ಷ್ಮ ಕಣಗಳನ್ನು ಅಂಟಿಸಿ ಯುವಿಯನ್ನೂ ಹಿಂದಕ್ಕೆ ಎಸೆಯುವಂತೆ ಮಾಡಿದರು. ಮದುವೆ ಮನೆಯಲ್ಲಿ ಉಟ್ಟ ಕಾಂಜೀವರಂ ಸೀರೆಯಿಂದ ಇದನ್ನು ನಿರೀಕ್ಷಿಸಬೇಡಿ. ಉಟ್ಟವರಿಗೆ ಹೇಗೂ ಗೊತ್ತು.

ಇನ್ನೊಂದು ಷರತ್ತನ್ನು ಫಾರ್ವರ್ಡ್‌ಗಳು ಎಂದೂ ಹೇಳುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಆಕಾಶದ ಕಿಟಕಿ ಮುಚ್ಚುತ್ತದೆ, ಮೋಡ ಕವಿದರೆ ಪೂರ್ತಿ ಮುಚ್ಚಿದಂತೆ. ರಾಯಚೂರು, ಬಳ್ಳಾರಿಯ ಒಣ ಬೇಸಿಗೆಯಲ್ಲಿ ಕೆಲಸ ಮಾಡುವ ವಸ್ತು ಕಾರವಾರದ ಮೇ ತಿಂಗಳಲ್ಲಿ ಅರೆಬರೆ ಕೆಲಸ ಮಾಡುತ್ತದೆ.

ಎಣ್ಣೆ, ಸಗಣಿ, ಲಾವಂಚ

ಈಗ ಫೋನಿಗೆ ಬಂದ ಸಂದೇಶಗಳತ್ತ ಬರೋಣ.

ತೆಂಗಿನೆಣ್ಣೆಯ ಎಸ್‌ಪಿಎಫ್ 7 ಅಥವಾ 8 ಎಂಬ ಮಾತು ಗಾಳಿಯಿಂದ ಬಂದದ್ದಲ್ಲ. 2010ರಲ್ಲಿ ರಾಯಪುರದ ಸಂಶೋಧಕರಿಬ್ಬರು ಹಲವು ಎಣ್ಣೆಗಳನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿ, ಯಂತ್ರದಲ್ಲಿ ಅಳೆದು ಈ ಬಗೆಯ ಅಂಕ ಪಡೆದರು. ಅಳೆದದ್ದು ಕೊಳವೆಯಲ್ಲಿನ ದ್ರಾವಣವನ್ನು, ಮನುಷ್ಯರ ಚರ್ಮದ ಮೇಲಿನ ಎಣ್ಣೆಯನ್ನಲ್ಲ. ಚರ್ಮದ ಮೇಲೆ ಎಣ್ಣೆ ತೆಳುವಾಗಿ ಹರಡುತ್ತದೆ, ಬೆವರಿಗೆ ಜಾರುತ್ತದೆ, ಅಂಗಿಗೆ ಒರೆಸಿಹೋಗುತ್ತದೆ. ಆ ಅಂಕವನ್ನೇ ನಂಬಿದರೂ ಎಸ್‌ಪಿಎಫ್ 7 ಎಂದರೆ ಚರ್ಮ ಸುಡುವ ಕಿರಣದಲ್ಲಿ ಏಳನೇ ಒಂದು ಪಾಲು ಒಳಗೆ ಬರುತ್ತದೆ. ಎಸ್‌ಪಿಎಫ್ 30ರಲ್ಲಿ ಮೂವತ್ತನೇ ಒಂದು ಪಾಲು. ಯುವಿ-ಎ ಎಂಬ, ಇನ್ನೂ ಆಳಕ್ಕಿಳಿಯುವ ಕಿರಣದ ಬಗ್ಗೆ ಆ ಅಂಕ ಏನನ್ನೂ ಹೇಳುವುದಿಲ್ಲ. ವಿಚಿತ್ರವೆಂದರೆ ಸೋರಿಯಾಸಿಸ್‌ಗೆ ಯುವಿ ಚಿಕಿತ್ಸೆ ಕೊಡುವಾಗ ಕಿರಣ ಚೆನ್ನಾಗಿ ಒಳಗಿಳಿಯಲಿ ಎಂದು ಚರ್ಮದ ವೈದ್ಯರು ಎಣ್ಣೆಯಂಥ ಲೇಪ ಹಚ್ಚಿಸುವುದುಂಟು.

ಕ್ಯಾರೆಟ್ ಬೀಜದ ಎಣ್ಣೆಯ 40ರ ಕಥೆ ಇನ್ನೂ ಸೊಗಸು. ಇದಕ್ಕೆ ಆಧಾರವೆಂದು ತೋರಿಸುವ 2009ರ ಅಧ್ಯಯನ ಪರೀಕ್ಷಿಸಿದ್ದು ಅಂಗಡಿಯಲ್ಲಿ ಸಿಗುವ, ಗಿಡಮೂಲಿಕೆ ಬೆರೆತ ಸಿದ್ಧ ಕ್ರೀಮುಗಳನ್ನು. ಅದರಲ್ಲೊಂದಕ್ಕೆ ಕ್ಯಾರೆಟ್ ಸೇರಿತ್ತು. ಕ್ರೀಮಿನ ಅಂಕವನ್ನು ಯಾರೋ ಎಣ್ಣೆಗೆ ದಾಟಿಸಿದರು, ಉಳಿದದ್ದನ್ನು ಫಾರ್ವರ್ಡ್ ಬಟನ್ ನೋಡಿಕೊಂಡಿತು.

ಜೀವಮೂಲದ ಸನ್‌ಸ್ಕ್ರೀನ್ ಅಸಾಧ್ಯ ಎಂದು ನಾವು ಹೇಳುತ್ತಿಲ್ಲ. ಕೆಂಪು ಕಡಲಪಾಚಿಗಳಲ್ಲಿ ಯುವಿ ಹೀರುವ ಅಣುಗಳಿವೆ. ಅವನ್ನು ಬೇರ್ಪಡಿಸಿ, ಅಳತೆ ಮಾಡಿ ಕೆಲವು ಕ್ರೀಮುಗಳಲ್ಲಿ ಬಳಸುತ್ತಾರೆ. ‘ಬೇರ್ಪಡಿಸಿ, ಅಳತೆ ಮಾಡಿ’ ಎಂಬ ಎರಡು ಹೆಜ್ಜೆಗಳೇ ಅಡುಗೆಮನೆಯಲ್ಲಿ ಆಗದ್ದು. ನಮ್ಮ ಕಂದು ಚರ್ಮಕ್ಕೆ ಮೆಲನಿನ್‌ನಿಂದ ಒಂದಿಷ್ಟು ರಕ್ಷಣೆ ಇದ್ದೇ ಇದೆ, ಆದ್ದರಿಂದ ಎಣ್ಣೆ ನಂಬಿದ ಬಹುಪಾಲು ಮಂದಿ ಬಂಗು, ಕಪ್ಪು ಕಲೆಗಳಷ್ಟರಲ್ಲೇ ಪಾರಾಗಬಹುದು. ಹುಟ್ಟಿನಿಂದ ಮೆಲನಿನ್ ಇಲ್ಲದವರು, ತೊನ್ನು ಇರುವವರು ಇಂಥ ಸಂದೇಶ ನಂಬಿದರೆ ಅಪಾಯ ನಿಜವಾದದ್ದು. ನಿಮ್ಮ ಗುಂಪಿನಲ್ಲಿ ಅಂಥವರು ಯಾರಿದ್ದಾರೋ ನಿಮಗೆ ಗೊತ್ತಿರುವುದಿಲ್ಲ.

ಸಗಣಿ ಬಳಿದ ಕಾರಿನ ಚಿತ್ರ 2019ರ ಮೇ ತಿಂಗಳಲ್ಲಿ ಅಹಮದಾಬಾದ್‌ನಿಂದ ಹರಡಿದ್ದು. 2025ರಲ್ಲಿ ದೆಹಲಿಯ ಕಾಲೇಜೊಂದರ ತರಗತಿ ಗೋಡೆಗೆ ಸಗಣಿ ಬಳಿದ ವಿಡಿಯೊ ಬಂತು. ಹಸಿ ಸಗಣಿ ಆರುವವರೆಗೆ ತಂಪು ಕೊಡುತ್ತದೆ, ಒದ್ದೆ ಗೋಣಿಚೀಲ ಕೊಡುವಂತೆಯೇ. ಒಣಗಿದ ಮೇಲೆ ಅದು ನಾರುಳ್ಳ ತೆಳು ಹೊದಿಕೆ. ಬಿಸಿ ದಾಟುವುದನ್ನು ಸ್ವಲ್ಪ ತಡಮಾಡಬಹುದು. ಆದರೆ ಕಂದು ಬಣ್ಣದ್ದು, ಬಿಸಿಲಿನ ಅರ್ಧಕ್ಕಿಂತ ಹೆಚ್ಚನ್ನು ಹೀರುತ್ತದೆ. ಮೇಲೆ ಹೇಳಿದ ‘ಹತ್ತನೇ ಒಂದು ಪಾಲು’ ಲೆಕ್ಕ ನೆನಪಿಸಿಕೊಂಡರೆ ಸಾಕು. ಕಾರಿನೊಳಗೆ ಬಿಸಿ ಬಹಳಷ್ಟು ಬರುವುದು ಗಾಜಿನಿಂದ, ಗಾಜಿಗಂತೂ ಯಾರೂ ಸಗಣಿ ಬಳಿಯುವುದಿಲ್ಲ. ಬಿಳಿ ಕಾರನ್ನು ಮರದ ನೆರಳಲ್ಲಿ ನಿಲ್ಲಿಸಿದವರು ಇದಕ್ಕಿಂತ ಹೆಚ್ಚು ತಂಪಾಗಿ ಮನೆ ಸೇರುತ್ತಾರೆ.

ಲಾವಂಚದ ತಟ್ಟಿ ಹಾಗಲ್ಲ, ಅದು ಚೊಕ್ಕ ವಿಜ್ಞಾನ. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ. ಎಷ್ಟು ತಂಪು ಎಂಬುದು ಮಾತ್ರ ಊರಿನ ಗಾಳಿಗೆ ಬಿಟ್ಟದ್ದು. ಕಲಬುರಗಿಯಲ್ಲಿ 40 ಡಿಗ್ರಿ ಬಿಸಿ, ಶೇ 20ರಷ್ಟು ತೇವ ಇರುವ ಮಧ್ಯಾಹ್ನ ಒದ್ದೆ ತಟ್ಟಿಯ ಮೂಲಕ ಬಂದ ಗಾಳಿ ಲೆಕ್ಕದ ಪ್ರಕಾರ 23 ಡಿಗ್ರಿವರೆಗೂ ಇಳಿಯಬಲ್ಲದು, ಪೂರ್ತಿ ಅಲ್ಲಿಗೆ ಮುಟ್ಟದಿದ್ದರೂ ಅರ್ಧ ದಾರಿ ಬಂದರೆ ಅದೇ ಸ್ವರ್ಗ. ಮಂಗಳೂರಿನಲ್ಲಿ 33 ಡಿಗ್ರಿ, ಶೇ 75 ತೇವ ಇದ್ದರೆ ಮಿತಿಯೇ 29. ಜೊತೆಗೆ ಕೋಣೆಯ ತೇವ ಏರಿ ಬೆವರು ಆರದೆ ಸೆಖೆ ಇನ್ನೂ ಹೆಚ್ಚೆನಿಸುತ್ತದೆ. ತಟ್ಟಿ ಕಟ್ಟುವವರು ಎದುರಿನ ಕಿಟಕಿ ತೆರೆದಿಡಬೇಕು, ಗಾಳಿ ಹೊರಹೋಗದಿದ್ದರೆ ಪ್ರಯೋಜನವಿಲ್ಲ. ಲಾವಂಚವೇ ಆಗಬೇಕೆಂದೂ ಇಲ್ಲ. ನೀರು ಹಿಡಿದಿಡುವ ಯಾವ ನಾರಾದರೂ ನಡೆಯುತ್ತದೆ. ಲಾವಂಚ ಕೊಡುವ ಹೆಚ್ಚುವರಿ ಎಂದರೆ ಆ ಪರಿಮಳ, ಅದನ್ನು ನಾವು ಕಡೆಗಣಿಸುವುದಿಲ್ಲ.

ಅಡಿಕೆ ತೋಟದವರಿಗೆ ಗೊತ್ತಿರುವುದು

ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಮುಗಿದ ಮೇಲೆ ಎಳೆಯ ಅಡಿಕೆ ಮರಗಳ ಕಾಂಡಕ್ಕೆ ತೆಂಕಣ-ಪಡುವಣ ದಿಕ್ಕಿನಿಂದ ಓರೆ ಬಿಸಿಲು ಹೊಡೆಯುತ್ತದೆ. ಹೊಡೆತ ಬಿದ್ದ ಕಡೆ ಕಾಂಡ ಹಳದಿಯಾಗಿ, ಕಂದಾಗಿ, ಸೀಳುತ್ತದೆ. ಇದಕ್ಕೆ ಬೆಳೆಗಾರರು ಮಾಡುವುದು ಎರಡರಲ್ಲೊಂದು: ಕಾಂಡಕ್ಕೆ ಸುಣ್ಣ ಬಳಿಯುವುದು, ಇಲ್ಲವೇ ಅಡಿಕೆ ಸೋಗೆ ಅಥವಾ ಹಾಳೆಯನ್ನು ಕಟ್ಟುವುದು.

ಒಂದು ಬಿಳಿ, ಕಾಂಡಕ್ಕೆ ಅಂಟಿರುತ್ತದೆ. ಇನ್ನೊಂದು ಕಂದು, ಕಾಂಡದಿಂದ ತುಸು ದೂರ ನಿಲ್ಲುತ್ತದೆ, ನಡುವೆ ಗಾಳಿ. ಮೊದಲಿನಿಂದ ನಮ್ಮನ್ನು ಕಾಡುತ್ತಿದ್ದ ಯುವಿ ಮತ್ತು ಬಿಸಿಯ ಜಗಳಕ್ಕೆ ಪರಿಹಾರ ಇಲ್ಲಿದೆ. ಕಂದು ವಸ್ತು ಲಿಗ್ನಿನ್ನಿನ ಬಲದಿಂದ ಯುವಿಯನ್ನು ಚೆನ್ನಾಗಿ ಹೀರುತ್ತದೆ, ಅದರ ಜೊತೆ ಬಿಸಿಯನ್ನೂ ಹೀರುತ್ತದೆ. ಆ ಬಿಸಿ ನಮ್ಮಿಂದ ದೂರದಲ್ಲಿ ಹುಟ್ಟಿ, ನಡುವಿನ ಗಾಳಿಯಲ್ಲಿ ತೇಲಿ ಹೋಗುವಂತಿದ್ದರೆ ಅದರಿಂದ ತೊಂದರೆಯಿಲ್ಲ. ದಕ್ಷಿಣ ಕನ್ನಡದ ಗದ್ದೆಗಳಲ್ಲಿ ತೊಡುವ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೋಪಿ, ಮಾಡುವುದು ಇದನ್ನೇ. ತೆಂಗಿನ ಗರಿಯ ಚಪ್ಪರವೂ ಅಷ್ಟೆ. ಕಪ್ಪು ಕೊಡೆಯೂ ತಲೆಗೆ ತಾಗದಂತೆ ಎತ್ತಿ ಹಿಡಿದಾಗ ಇದೇ ಲೆಕ್ಕಕ್ಕೆ ಬರುತ್ತದೆ.

ಬಿಸಿಲಿನ ಬಯಲಲ್ಲಿ ಕುರಿಗಾಹಿ ಕರಿ ಕಂಬಳಿ ಹೊದ್ದು ನಡೆಯುವುದನ್ನು ನೋಡಿ ನಗುವವರಿದ್ದಾರೆ. 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಮರುಭೂಮಿಯ ಬೆಡುಯಿನ್ ಜನ ಕಪ್ಪು ನಿಲುವಂಗಿ ಯಾಕೆ ತೊಡುತ್ತಾರೆ ಎಂದು ಅಳೆದು ನೋಡಿತ್ತು. ಕಪ್ಪು ಬಟ್ಟೆ ಹೆಚ್ಚು ಬಿಸಿ ಹೀರಿತು, ಆದರೆ ಅಂಗಿ ಸಡಿಲವಾಗಿದ್ದುದರಿಂದ ಆ ಹೆಚ್ಚುವರಿ ಬಿಸಿ ಚರ್ಮ ಮುಟ್ಟುವ ಮೊದಲೇ ಗಾಳಿ ಪಾಲಾಯಿತು. ಒಳಗಿನವನಿಗೆ ಕಪ್ಪೂ ಬಿಳಿಯೂ ಒಂದೇ. ಯುವಿಯ ಮಟ್ಟಿಗೆ ದಪ್ಪ ಕಪ್ಪು ಬಟ್ಟೆಯೇ ಮೇಲು.

ದಿನವಿಡೀ ಹೊಲದಲ್ಲಿ, ರಸ್ತೆ ಕೆಲಸದಲ್ಲಿ ನಿಲ್ಲುವವರಿಗೆ ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್ ಹಚ್ಚಿ ಎನ್ನುವುದು ನಮ್ಮ ದೃಷ್ಟಿಯಲ್ಲಿ ಉಪದೇಶವಲ್ಲ, ತಮಾಷೆ. ಅವರಿಗೆ ಬೇಕಾದದ್ದು ಅಗಲ ಅಂಚಿನ ಹಾಳೆ ಅಥವಾ ಹುಲ್ಲಿನ ಟೋಪಿ, ಗಾಢ ಬಣ್ಣದ ಸಡಿಲ ತುಂಬುತೋಳಿನ ಹತ್ತಿ ಅಂಗಿ. ಬಿಳುಚಿಸದ ಅಥವಾ ಹುಟ್ಟಾ ಕಂದು ಬಣ್ಣದ ಹತ್ತಿ ಬಿಳುಚಿಸಿದ ಹತ್ತಿಗಿಂತ ಯುವಿಯನ್ನು ಚೆನ್ನಾಗಿ ತಡೆಯುತ್ತದೆ. ಪೇಟೆಯಲ್ಲಿ ಮುಖ, ಕುತ್ತಿಗೆ ತೆರೆದು ಓಡಾಡುವವರಿಗೆ ಎಸ್‌ಪಿಎಫ್ 30ಕ್ಕಿಂತ ಹೆಚ್ಚಿರುವ, ಯುವಿ-ಎ ಕೂಡ ತಡೆಯುವ ಕ್ರೀಮು ಸರಿ. ಅದರ ಡಬ್ಬಿಯ ಮೇಲೆ ಪಿಎ ಮತ್ತು ಕೂಡಿಸುವ ಚಿಹ್ನೆಗಳಿರುತ್ತವೆ.

ಇನ್ನು ಸೂರು. ಬರೀ ತಗಡು ಹೊಳೆಯುತ್ತದೆ, ಆದರೆ ಹೀರಿದ ಬಿಸಿಯನ್ನು ಕಿರಣವಾಗಿ ಹೊರಬಿಡಲು ಅದಕ್ಕೆ ಬಾರದು, ಅದಕ್ಕೇ ಕೈ ಸುಡುವಷ್ಟು ಕಾಯುತ್ತದೆ. ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಚಪ್ಪರ ಕಟ್ಟಿ ಸೋಗೆ ಹೊದಿಸಿದರೆ ಒಳಗಿನ ಬಿಸಿ ಇಳಿಯುತ್ತದೆ. ಆದರೆ ಒಣ ಸೋಗೆ ಬೆಂಕಿಗೆ ಬೇಗ ಸಿಗುತ್ತದೆ. ಒಲೆಯ ಹೊಗೆ ಹೊರಬರುವ ಕಡೆ, ವಿದ್ಯುತ್ ತಂತಿಯ ಹತ್ತಿರ, ಮನೆಗೆ ಮನೆ ಅಂಟಿದ ಬಡಾವಣೆಗಳಲ್ಲಿ ಅದನ್ನು ನಾವು ಹೇಳುವುದಿಲ್ಲ. ಅಲ್ಲಿ ಬಿಳಿ ಬಣ್ಣವೇ ದಾರಿ. ತೆಲಂಗಾಣ 2023ರಿಂದ ಬಿಸಿ ತಡೆಯುವ ಸೂರಿಗೆಂದೇ ಒಂದು ನೀತಿ ತಂದಿದೆ.

ಬಿಳಿಗಳಲ್ಲಿ ನಮ್ಮ ಕರಾವಳಿಯ ಚಿಪ್ಪು ಸುಣ್ಣಕ್ಕೆ ಒಂದು ಹೆಚ್ಚುಗಾರಿಕೆಯಿದೆ. ನದೀಮುಖದ ಮೃದ್ವಂಗಿಗಳ ಚಿಪ್ಪನ್ನು ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿದ ಸುಣ್ಣ ಅದು. ಬಳಿದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಚಿಪ್ಪು ಮೊದಲು ಯಾವುದಾಗಿತ್ತೋ ಅದೇ. ಮಾಮೂಲಿ ಬಿಳಿ ಪೇಂಟಿನ ಟೈಟಾನಿಯಂ ಡೈಆಕ್ಸೈಡ್ ಯುವಿಯನ್ನು ಹೀರಿ ತುಸು ಕಾಯುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಯುವಿಯನ್ನೂ ಹಿಂದಕ್ಕೆ ಎಸೆಯುತ್ತದೆ. 2020ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಇದೇ ಪದಾರ್ಥದಿಂದ ಬಿಸಿಲಿನ ಶೇ 95.5ನ್ನು ಹಿಂದೆಸೆಯುವ ಪೇಂಟ್ ಮಾಡಿದರು. ಮನೆಯ ಸುಣ್ಣ ಅಷ್ಟಕ್ಕೆ ಏರದು, ಅದೇ ದಾರಿಯದು ಅಷ್ಟೆ.

ಸುಣ್ಣ ಆರ್‌ಸಿಸಿ ತಾರಸಿಗೂ ಸಿಮೆಂಟ್ ಶೀಟಿಗೂ ಹಿಡಿಯುತ್ತದೆ. ತಗಡಿನ ಮೇಲೆ ನಿಲ್ಲದೆ ಸಿಪ್ಪೆ ಏಳುತ್ತದೆ, ಅಲ್ಯುಮಿನಿಯಂ ಶೀಟನ್ನಂತೂ ಕೊರೆಯುತ್ತದೆ. ಅವಕ್ಕೆ ಲೋಹಕ್ಕೆಂದೇ ಇರುವ ಬಿಳಿ ಪೇಂಟ್ ಬೇಕು. ಹಳೆಯ ಆಸ್ಬೆಸ್ಟಾಸ್ ಶೀಟಾದರೆ ಬಳಿಯುವ ಮುನ್ನ ಒಣಗಿದ್ದಾಗ ಉಜ್ಜಬೇಡಿ, ಕೆರೆಯಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ ಮೆತ್ತಗೆ ತೊಳೆಯಿರಿ. ಶೀಟಿನ ಮೇಲೆ ನೇರ ಕಾಲಿಡದೆ ಹಲಗೆ ಹಾಕಿ ನಿಲ್ಲಿ. ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು, ಕನ್ನಡಕ ಹಾಕಿಕೊಳ್ಳಿ. ತೆಳುವಾಗಿ ಎರಡು ಮೂರು ಕೈ, ಬಿಸಿಲು ಇಳಿದ ಮೇಲೆ. ಮಳೆಗಾಲದಲ್ಲಿ ಪಾಚಿ ಹಿಡಿದು, ತೊಳೆದು ಅರ್ಧ ಹೋಗಿರುತ್ತದೆ, ಆದ್ದರಿಂದ ಶಿವರಾತ್ರಿಯ ಹೊತ್ತಿಗೆ ಮತ್ತೆ ಬಳಿಯಬೇಕು.